ಮೆಮೊರಿ ಹೆಚ್ಚಾದ ಮನೆ

ಇದ್ದತ್ ಮುಗಿಯುವುದರೊಳಗೆ ಸತ್ತ ಗಂಡ ಕಟ್ಟಿದ ಊರನ್ನು ತೆರೆಸುತ್ತೇನೆ, ಅದರ ಮೇಲೆ ತನ್ನ ಹೆಸರಿರುವುದನ್ನು ಗಂಡನ ಅಕ್ಕ ಪಾತುಮ್ಮನ ಮುಖಕ್ಕೆ ಹಿಡಿಯುತ್ತೇನೆ ಎಂದು ಅವ್ವಮ್ಮ ಪ್ರತಿಜ್ಞೆ ಮಾಡಿದಳು. ಮಹಾ ಪ್ರತಿಜ್ಞೆಗಳೆಲ್ಲ ಯುದ್ಧಭೂಮಿಯಲ್ಲೇ ಆಗಬೇಕೆಂದಿಲ್ಲ. ಇದು ಕಲ್ಲಡ್ಕದ ಒಂದು ಅಡುಗೆಕೋಣೆಯಲ್ಲಿ, ಬಂಗುಡೆ ಮೀನು ಕೊಯ್ಯುವಾಗ ಆಯಿತು.

ಊರು ಎಂದರೆ ಕಂಪ್ಯೂಟರಿನೊಳಗಿನ ಊರು. ಗಂಡ ಉಮರಬ್ಬ ೧೯೯೯ರಲ್ಲಿ ಸೌದಿಯ ದಮ್ಮಾಮ್ ಬಿಟ್ಟು ಬಂದ. ಬೇರೆಯವರು ಚಿನ್ನ ತಂದರೆ ಇವನು ಕಂಪ್ಯೂಟರ್ ತಂದ. ಅದರಲ್ಲಿ ರಸ್ತೆ ಹಾಕಿ, ಕರೆಂಟು ಎಳೆದು, ಮನೆ ಕಟ್ಟಿಸುವ ಒಂದು ಗೇಮ್. ಅಲ್ಲಿ ಅವನೇ ಮೇಯರ್. ಸ್ವಂತ ಮನೆಯ ಮಾಳಿಗೆಯಲ್ಲಿ ಕಬ್ಬಿಣದ ಸರಳುಗಳು ಆಕಾಶ ನೋಡುತ್ತ ನಿಂತಿದ್ದವು. ಕಂಪ್ಯೂಟರಿನಲ್ಲಿ ಮಾತ್ರ ಹತ್ತು ಅಂತಸ್ತು ಏಳುತ್ತಿತ್ತು.

"ಒಮ್ಮೆ ಬಂದು ನೋಡು ಮಾರಾಯ್ತಿ, ಊರಿಗೆ ನಿನ್ನದೇ ಹೆಸರು" ಎಂದು ಒಂಬತ್ತು ವರ್ಷ ಕರೆದ.

"ಮೊದಲು ಈ ಮನೆಯ ನಳ್ಳಿ ಸರಿ ಮಾಡಿ" ಎಂದು ಇವಳು ಒಂಬತ್ತು ವರ್ಷವೂ ಹೇಳಿದಳು.

೨೦೦೮ರಲ್ಲಿ ಅವನ ಹೃದಯ ನಿಂತಿತು. ನಳ್ಳಿ ಸೋರುವುದು ನಿಲ್ಲಲಿಲ್ಲ.

ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಗಂಡ ಸತ್ತವಳು ಮನೆಯೊಳಗೇ ಇರಬೇಕು, ಪರಗಂಡಸರ ಕಣ್ಣಿಗೆ ಬೀಳಬಾರದು. ಜೊತೆಗಿರಲು ಉಮರಬ್ಬನ ಅಕ್ಕ ಪಾತುಮ್ಮ ಬಂದು ಕೂತಳು. ಬಂದವಳು ಸುಮ್ಮನಿರಬಾರದೇ?

"ನನ್ನ ತಮ್ಮ ಕಂಪ್ಯೂಟರಿನಲ್ಲಿ ಊರು ಕಟ್ಟಿದ್ದು ಗೊತ್ತುಂಟಲ್ಲ? ಅದಕ್ಕೆ ನನ್ನ ಹೆಸರಿಟ್ಟಿದ್ದಾನೆ. ನನ್ನ ಹತ್ತಿರ ಅವನೇ ಹೇಳಿದ್ದು."

ಸತ್ತವನು ಜಾಣ. ಇಬ್ಬರಿಗೂ ಹೇಳಿ ಹೋಗಿದ್ದ. ಇಬ್ಬರಿಗೂ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಮೂರನೇ ತಿಂಗಳಿಗೆ ಸಿಡಿಲು ಬಡಿದು ಕಂಪ್ಯೂಟರ್ ಕೂಡ ತೀರಿಕೊಂಡಿತು. ಅವ್ವಮ್ಮನ ಮಗಳು ದಮ್ಮಾಮಿನಲ್ಲಿದ್ದಳು. ಅಳಿಯ ಅಸ್ಕರ್, ಅತ್ತೆಯು ಮಗಳ ಮುಖ ನೋಡಿ ಮಾತಾಡಲಿ ಎಂದು ಬಿ.ಸಿ.ರೋಡಿನ ಅಂಗಡಿಗೆ ಫೋನು ಮಾಡಿ ಹೊಸದನ್ನು ಕಳಿಸಿದ. ಕೂಡಿಸಲು ಅಂಗಡಿಯ ಸುಧಾಕರ ಬಂದ. ಹಳೆಯದರ ಹಾರ್ಡ್ ಡಿಸ್ಕ್ ಬದುಕಿತ್ತು. ಅದನ್ನು ತೆಗೆದು ಹೊಸದಕ್ಕೆ ಸಿಕ್ಕಿಸಿದ. ಊರು ಅದರೊಳಗೇ ಇತ್ತು.

ಈಗ ಎರಡು ಪರದೆ. ಬಾಗಿಲಿಗೆ ಕಟ್ಟಿದ ಪರದೆಯ ಹಿಂದೆ ಅವ್ವಮ್ಮ, ಕಂಪ್ಯೂಟರಿನ ಪರದೆಯ ಹಿಂದೆ ಊರು. ನಡುವೆ ಕುರ್ಚಿ ಹಾಕಿಕೊಂಡು ಪಾತುಮ್ಮ. ಇದ್ದತಿನವಳು ಪರಗಂಡಸಿನ ಹತ್ತಿರ ನೇರ ಮಾತಾಡುವುದು ಬೇಡ, ಎಲ್ಲ ತನ್ನ ಮೂಲಕವೇ ದಾಟಲಿ ಎಂದು ಪಾತುಮ್ಮನೇ ಕಾನೂನು ಮಾಡಿದಳು. ಮೂವರಿಗೂ ಮೂವರ ಮಾತು ಕೇಳಿಸುತ್ತಿತ್ತು. ಆದರೂ ಕಾನೂನು ಕಾನೂನೇ.

ಸುಧಾಕರ ಗೇಮ್ ಒತ್ತಿದ. "ಮೆಮೊರಿ ಸಾಲದು ಅಂತ ಹೇಳ್ತದೆ."

ಪಾತುಮ್ಮ ಪರದೆಯ ಕಡೆ ತಿರುಗಿದಳು. "ನೆನಪು ಸಾಲದಂತೆ."

"ಯಾರಿಗೆ? ನನಗಾ?"

"ಮತ್ತೆ ನನಗಾ? ನನ್ನ ಹೆಸರಿನ ಊರು ನನಗೆ ನೆನಪಿಲ್ಲದೆ ಇರ್ತದಾ?"

ಇದು ಮನುಷ್ಯರ ನೆನಪಲ್ಲ, ಪೆಟ್ಟಿಗೆಯ ಒಳಗೆ ಸಿಕ್ಕಿಸುವ ಪಟ್ಟಿ ಎಂದು ಸುಧಾಕರ ಬಿಡಿಸಿ ಹೇಳಿದ. ಒಳಗೆ ಎರಡು ಜಿಬಿ ಉಂಟು, ಹಳೆ ಕಂಪ್ಯೂಟರಿನಲ್ಲಿ ಅದರ ಹತ್ತರಲ್ಲಿ ಒಂದು ಪಾಲು ಕೂಡ ಇರಲಿಲ್ಲ, ಆದರೂ ಯಾಕೆ ಸಾಲದೋ ದೇವರಿಗೇ ಗೊತ್ತು ಎಂದ.

"ಸಾಲದಿದ್ದರೆ ಇನ್ನೂ ಹಾಕಲಿಕ್ಕೆ ಹೇಳಿ ಅಕ್ಕ. ನೆನಪಿಗೆ ಈ ಮನೆಯಲ್ಲಿ ಕಮ್ಮಿ ಆಗುವುದು ಬೇಡ" ಎಂದಳು ಅವ್ವಮ್ಮ.

ಸುಧಾಕರ ತರಲು ಹೋದ. ಅಷ್ಟರಲ್ಲಿ ಪಾತುಮ್ಮ ಬೇಲಿಯ ಬಳಿ ನಿಂತು ನೆರೆಮನೆಯ ಬೀಬಿಗೆ, "ಅವ್ವಮ್ಮನ ಮನೆಯಲ್ಲಿ ಮೆಮೊರಿ ಸಾಲದಂತೆ" ಎಂದಳು. ಬೀಬಿ ನಾಲ್ಕು ಮನೆಗೆ ಹೇಳಿದಳು. ಮರುದಿನ ಬೆಳಿಗ್ಗೆ ನೆನಪಿಗೆ ಒಳ್ಳೆಯದೆಂದು ಮೂರು ಮನೆಯಿಂದ ತಿಮರೆ ಎಂಬ ಒಂದೆಲಗದ ಚಟ್ನಿ ಬಂತು. ಒಂದು ಮನೆಯಿಂದ ಬಾದಾಮಿ. ಬೀಬಿ ಸ್ವತಃ ಬಂದು ಅವ್ವಮ್ಮನ ಗಲ್ಲ ಹಿಡಿದೆತ್ತಿ, "ನಾನು ಯಾರು ಹೇಳು ನೋಡುವ" ಎಂದಳು.

"ಸುದ್ದಿ ಹಬ್ಬಿಸಿದವಳು."

"ನೆನಪು ಉಂಟು, ಉಂಟು" ಎಂದು ಬೀಬಿ ಚಟ್ನಿ ಇಟ್ಟು ಹೋದಳು.

ಸುಧಾಕರ ಇನ್ನೂ ಎರಡು ಜಿಬಿ ಹಾಕಿದ. ಗೇಮ್ ಮತ್ತೆ ಅದನ್ನೇ ಹೇಳಿತು. ಸಾಲದು. ನಾಲ್ಕು ಜಿಬಿ, ನಾಲ್ಕು ಪಾತ್ರೆ ತಿಮರೆ ಚಟ್ನಿ, ಯಾವುದೂ ಸಾಲದು. ಊರು ತೆರೆಯುವುದೇ ಇಲ್ಲವೇನೋ ಎಂದು ಅವ್ವಮ್ಮನಿಗೆ ಹೆದರಿಕೆ ಆಯಿತು. ಬಾಯಿ ಮಾತ್ರ ಬಿಸಿಯಾಗಿಯೇ ಇತ್ತು.

"ಇವನಿಗೆ ಕೆಲಸ ಗೊತ್ತುಂಟಾ ಕೇಳಿ."

"ನಿನಗೆ ಕೆಲಸ ಗೊತ್ತುಂಟಾ?" ಪಾತುಮ್ಮ ದಾಟಿಸಿದಳು.

ಸುಧಾಕರ ಅಂಗಡಿಗೆ ಹೋಗಿ ಯಾರ ಯಾರನ್ನೋ ಕೇಳಿ ಮೂರನೇ ದಿನ ಬಂದ.

"ಅಕ್ಕ, ಸಾಲದ್ದಲ್ಲ. ಹೆಚ್ಚಾದದ್ದು. ಹಳೆ ಸ್ಕೂಟರಿನ ಮೀಟರ್ ಕೊನೆ ಮುಟ್ಟಿದರೆ ಸೊನ್ನೆಗೆ ಬರ್ತದಲ್ಲ, ಇದು ಸೊನ್ನೆಗಿಂತಲೂ ಕೆಳಗೆ ಹೋಗ್ತದೆ. ಒಂದು ಮನೆಯಲ್ಲಿ ಇಷ್ಟು ಮೆಮೊರಿ ಇದ್ದೀತು ಅಂತ ಗೇಮ್ ಮಾಡಿದವ ಎಣಿಸಲೇ ಇಲ್ಲ. ಎರಡು ಜಿಬಿ ಆಯಿತು ಅಂದ್ರೆ ಅದಕ್ಕೆ ಲೆಕ್ಕ ತಪ್ಪಿ ಮೈನಸ್ ಅಂತ ಓದ್ತದೆ. ಮೈನಸ್ ಇದ್ದರೆ ಸಾಲದು ಅಂತಲೇ ಹೇಳುವುದಲ್ವಾ?"

ಪಾತುಮ್ಮನಿಗೆ ಇದನ್ನು ದಾಟಿಸಲಾಗಲಿಲ್ಲ. ದಾಟಿಸಬೇಕಾಗಿಯೂ ಇರಲಿಲ್ಲ, ಅವ್ವಮ್ಮನಿಗೆ ಅರ್ಥವಾಗಿತ್ತು. ಸಮಾಧಾನ ಹೇಳಲು ಬಂದವರು "ಉಮರಬ್ಬನ ಬಗ್ಗೆ ಎರಡು ಮಾತು ಹೇಳು" ಎಂದಾಗ ಅವ್ವಮ್ಮನ ಬಾಯಿಗೆ ಒಂದೂ ಬಂದಿರಲಿಲ್ಲ. ಒಳಗೆ ಇಪ್ಪತ್ತೆಂಟು ವರ್ಷದ ಸಂಸಾರ ಇತ್ತು. ಇವಳಿಗೆ ಏನೂ ಇಲ್ಲ ಎಂದುಕೊಂಡು ಅವರು ಚಹಾ ಕುಡಿದು ಹೋಗಿದ್ದರು. ಆ ಗೇಮಿನ ಮೇಲೆ ಅವಳಿಗೆ ಮೊದಲ ಬಾರಿ ಸ್ವಲ್ಪ ಮರ್ಯಾದೆ ಹುಟ್ಟಿತು.

"ಈಗ ಎಂತ ಮಾಡುವುದಂತೆ?"

"ಕಂಪ್ಯೂಟರಿಗೆ ಒಂದು ಸುಳ್ಳು ಹೇಳುವ" ಎಂದ ಸುಧಾಕರ. "ಸೆಟ್ಟಿಂಗಿನಲ್ಲಿ ಅರ್ಧ ಜಿಬಿ ಮಾತ್ರ ಉಂಟು ಅಂತ ಹಾಕ್ತೇನೆ. ಉಳಿದದ್ದು ಇದ್ದೂ ಇಲ್ಲದ ಹಾಗೆ."

"ಇದ್ದತಿನ ಮನೆಯಲ್ಲಿ ಸುಳ್ಳಾ?" ಪಾತುಮ್ಮ ಎದ್ದೇ ನಿಂತಳು.

"ಊರಿಗೆ ನಿಮ್ಮ ಹೆಸರು ಅಂತ ಮೂರು ತಿಂಗಳಿಂದ ಹೇಳ್ತಾ ಇದ್ದೀರಲ್ಲ, ಅದು ಎಂತದು?" ಎಂದಳು ಅವ್ವಮ್ಮ.

ಇದನ್ನು ಪಾತುಮ್ಮ ಆ ಕಡೆಗೆ ದಾಟಿಸಲಿಲ್ಲ.

ಸುಳ್ಳು ಹೇಳಿ ಆಯಿತು. ಕಂಪ್ಯೂಟರ್ ಸತ್ತು ಹುಟ್ಟಿತು. ಗೇಮ್ ಒಂದು ಮಾತೂ ಆಡದೆ ತೆರೆಯಿತು. ಒಂಬತ್ತು ವರ್ಷ ಅಡುಗೆಕೋಣೆಗೆ ಕೇಳಿಸಿ ತಲೆ ತಿಂದಿದ್ದ ಅದೇ ಸಂಗೀತ. ಅವ್ವಮ್ಮ ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಊರಿನ ಹೆಸರು ಓದು" ಎಂದಳು ಪಾತುಮ್ಮ.

"ಅವ್ವಮ್ಮ."

ಕಾನೂನು ಅಲ್ಲಿಗೆ ಮುಗಿಯಿತು. "ಇನ್ನೊಮ್ಮೆ ಓದು" ಎಂದಿತು ಪರದೆ, ನೇರವಾಗಿ.

"ಅವ್ವಮ್ಮ."

"ಸ್ವಲ್ಪ ಜೋರಾಗಿ. ಅಕ್ಕನಿಗೆ ಕಿವಿ ಮಂದ."

ಪಾತುಮ್ಮ ಕುರ್ಚಿಯಲ್ಲಿ ಕುಸಿದಳು. ಆದರೆ ಕಣ್ಣು ಚುರುಕು. "ಕೆಳಗೆ ಎಂತದೋ ಓಡ್ತಾ ಉಂಟಲ್ಲ, ಅದೆಂತ?"

"ಅದು ಊರಿನ ಸುದ್ದಿ. ಬೇಡ ಅಕ್ಕ."

"ಓದು."

ಸುಧಾಕರ ಕೆಮ್ಮಿದ. "ಅವ್ವಮ್ಮದಲ್ಲಿ ಸದ್ದು ವಿಪರೀತ ಆಗಿದೆ. ತಡೆಯಲಾಗದೆ ಜನ ಬಿಟ್ಟು ಹೋಗ್ತಾ ಇದ್ದಾರೆ."

ಪಾತುಮ್ಮ ಒಂದಕ್ಷರ ಬಿಡದೆ ದಾಟಿಸಿದಳು. ಎರಡು ಸಲ ದಾಟಿಸಿದಳು.

ಪರದೆಯ ಹಿಂದಿನಿಂದ ಸಣ್ಣ ಸ್ವರ ಬಂತು. "ಮೇಯರ್ ಕೂಡ ಬಿಟ್ಟು ಹೋದರಾ, ಕೇಳಿ."

"ಇಲ್ಲ" ಎಂದ ಸುಧಾಕರ. "ಉಮರಬ್ಬ ಅಂತಲೇ ಉಂಟು. ಊರಿನ ಲೆಕ್ಕದಲ್ಲಿ ಮೇಯರ್ ಆಗಿ ನೂರ ನಲವತ್ತಾರು ವರ್ಷ ಅಂತ ತೋರಿಸ್ತದೆ."

ಪಾತುಮ್ಮ ಪರದೆಯ ಕಡೆ ತಿರುಗಿದಳು. ದಾಟಿಸುವುದನ್ನು ದಾಟಿಸಲೇಬೇಕಲ್ಲ.

"ನೂರ ನಲವತ್ತಾರು ವರ್ಷ ನಿನ್ನನ್ನು ಸಹಿಸಿದ್ದಾನಂತೆ."