ದಪ್ಪನಿಗೆ ಬಸ್ಸು ಸಿಕ್ಕಿತೇ?

ಟೀವಿಯಲ್ಲಿ ಎಂದೋ ಬಂದುಹೋದ ಒಂದು ನಗೆ ಕಾರ್ಯಕ್ರಮವನ್ನು ಮನೆಯಲ್ಲಿ ಒಬ್ಬನೇ ಕೂತು ಒಂದು ಸಲ ನೋಡಬೇಕು. ನನ್ನ ಆಸೆ ಇಷ್ಟೇ ಇತ್ತು. ಹಿಟ್ಟಿನ ಗಿರಣಿಯ ಕಲ್ಲನ್ನು ಬಿಚ್ಚಿ ಮತ್ತೆ ಕೂರಿಸಬಲ್ಲ ಮನುಷ್ಯನಿಗೆ ಇದೂ ಒಂದು ಕೆಲಸವೇ? ಬಾಡಿಗೆಗೆ ಟೀವಿ ತರುವುದು, ವಿಸಿಆರ್ ತರುವುದು, ಬಾಗಿಲು ಹಾಕಿಕೊಳ್ಳುವುದು, ನೋಡುವುದು. ನಮ್ಮ ಶಿರಾದಲ್ಲಿ ಆಗ ವಿಡಿಯೋ ಅಂಗಡಿಗಳು ಹೊಸದಾಗಿ ಬಂದಿದ್ದವು. ಎಲ್ಲವೂ ಸುಲಭ ಎಂದು ನಂಬಿದ್ದೆ. ಬಾಗಿಲು ಹಾಕಿಕೊಳ್ಳುವುದು ಕೂಡ!

ನನ್ನ ಹೆಂಡತಿ ಗಂಗಮ್ಮ ತೀರಿಕೊಂಡು ವರ್ಷವಾಗಿತ್ತು. ವರ್ಷದ ಪೂಜೆ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಹುಲಿಕುಂಟೆಯ ನನ್ನ ಬಾಮೈದ ನಾಗರಾಜ ಮಾತ್ರ, ಭಾವನನ್ನು ಒಬ್ಬನನ್ನೇ ಬಿಟ್ಟು ಹೋಗಲು ಮನಸ್ಸಾಗದೆ ಉಳಿದುಕೊಂಡಿದ್ದ.

ಅವಳಿದ್ದಾಗ ನಮ್ಮ ಬೀದಿಗೆಲ್ಲ ಒಂದೇ ಟೀವಿ, ಎದುರು ಮನೆಯ ರುದ್ರಕ್ಕನದು. ದೆಹಲಿಯಿಂದ ವಾರಕ್ಕೊಮ್ಮೆ ಸಂಜೆ ಒಂದು ಕಾರ್ಯಕ್ರಮ ಬರುತ್ತಿತ್ತು. ಒಬ್ಬ ದಪ್ಪ, ಒಬ್ಬ ಸಣ್ಣ. ಇಬ್ಬರೂ ವಾರವಾರ ಬೇರೆ ಬೇರೆ ವೇಷ ಹಾಕಿಕೊಂಡು ಚಿಕ್ಕ ಚಿಕ್ಕ ಪ್ರಸಂಗಗಳನ್ನು ಆಡುತ್ತಿದ್ದರಂತೆ. ಅದರ ನಿಜವಾದ ಹೆಸರು ಏನಿತ್ತೋ, ನಮ್ಮ ಬೀದಿಯಲ್ಲಿ ಅದು ‘ದಪ್ಪ ಸಣ್ಣ’. ನಾನು ಒಂದು ಸಲವೂ ನೋಡಿದವನಲ್ಲ. ಸಂಜೆಯ ಹೊತ್ತು ನನ್ನ ಹಿಟ್ಟಿನ ಗಿರಣಿಯ ಮುಂದೆ ಜನ ರಾಗಿ ಚೀಲ ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ಮನೆಗೆ ಬಂದು ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಊಟಕ್ಕೆ ಕೂತ ಮೇಲೆ, ಗಂಗಮ್ಮ ಮುದ್ದೆ ಇಕ್ಕುತ್ತ ಆ ವಾರದ್ದನ್ನೆಲ್ಲ ಮಾಡಿ ತೋರಿಸುತ್ತಿದ್ದಳು.

ಅದರಲ್ಲಿ ಒಂದು ಪ್ರಸಂಗವನ್ನು ನಾನು ಮತ್ತೆ ಮತ್ತೆ ಕೇಳಿ ಮಾಡಿಸುತ್ತಿದ್ದೆ. ದಪ್ಪ ಹೊಸ ಅಳಿಯ. ಸಣ್ಣ ಅವನ ಬಾಮೈದ, ಅಕ್ಕಭಾವರನ್ನು ಹಬ್ಬಕ್ಕೆ ಕರೆದೊಯ್ಯಲು ಬಂದವನು. ದಪ್ಪ ಟ್ರಂಕಿನ ಮೇಲೆ ಕೂತು ಏಳುವುದೇ ಇಲ್ಲ. ಗಂಗಮ್ಮ ಹಿಟ್ಟಿನ ಡಬ್ಬ ಮಗುಚಿ, ಅದರ ಮೇಲೆ ಕೂತು, ಹೆಗಲಿಗೆ ನನ್ನ ಟವೆಲ್ಲು ಹಾಕಿಕೊಂಡು ಹೇಳುತ್ತಿದ್ದಳು:

“ಕರೆದ ತಕ್ಷಣ ಎದ್ದು ಬರೋಕೆ ನಾನೇನು ಬೀದಿಲಿ ಬಿದ್ದಿದೀನಾ? ಬಸ್ಸು ಹೊರಟ್ರೆ ಹೊರಡ್ಲಿ ಬುಡು. ಬಸ್ಸಿಗೆ ನಾನು ಬೇಕೋ, ನಂಗೆ ಬಸ್ಸು ಬೇಕೋ?”

ಸಣ್ಣ ಇನ್ನೂ ಒಂದು ಸಲ ಕರೆಯಬೇಕು ಎಂದು ದಪ್ಪನ ಲೆಕ್ಕಾಚಾರ. ಸಣ್ಣ “ಸರಿ ಭಾವ” ಅಂದು ಹೊರಟೇಬಿಡುತ್ತಾನೆ. ಕಂಡಕ್ಟರು ಸೀಟಿ ಊದುತ್ತಾನೆ. ದಪ್ಪ ಟ್ರಂಕು ತಲೆಯ ಮೇಲೆ ಹೊತ್ತುಕೊಂಡು ಓಟ!

ನಾನು ನಕ್ಕು ನಕ್ಕು, “ಇಂಥ ಜನಾನೂ ಇರ್ತಾರಾ ಗಂಗಾ!” ಅನ್ನುತ್ತಿದ್ದೆ. ಅಷ್ಟಕ್ಕೇ ಅವಳಿಗೆ ಇನ್ನೂ ನಗು. “ಬಸ್ಸು ಸಿಕ್ತಾ ಅವನಿಗೆ?” ಎಂದು ಕೇಳಿದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಒಂದು ಸಲವೂ ಹೇಳಲಿಲ್ಲ.

ಅವಳು ಹೋದ ಮೇಲೆ ಮನೆಯಲ್ಲಿ ಊಟ ಬೇಗ ಮುಗಿಯುತ್ತಿತ್ತು. ಅವಳು ನಕ್ಕಿದ್ದು ನೆನಪಿತ್ತು. ಏನೇನು ಹೇಳಿ ನಗುತ್ತಿದ್ದಳೋ ಅದು ಒಂದೊಂದೇ ಮಾತಾಗಿ ನೆನಪಿನಿಂದ ಜಾರತೊಡಗಿತ್ತು. ಅದಕ್ಕೇ ಅವಳನ್ನು ಅಷ್ಟು ನಗಿಸಿದ್ದನ್ನು ನಾನೂ ಕಣ್ಣಾರೆ ನೋಡಬೇಕು, ಆ ದಪ್ಪನಿಗೆ ಬಸ್ಸು ಸಿಕ್ಕಿತೋ ಇಲ್ಲವೋ ತಿಳಿಯಬೇಕು ಎಂದು ತೀರ್ಮಾನಿಸಿದೆ.

ವಿಡಿಯೋ ಅಂಗಡಿಯ ಬಾಷಾ ಪರಿಚಯದ ಹುಡುಗ. “‘ದಪ್ಪ ಸಣ್ಣ’ ಕ್ಯಾಸೆಟ್ ಕೊಡಪ್ಪಾ” ಅಂದೆ.

“ಶಿವಣ್ಣೋರೆ, ಹೀರೋ ಯಾರು?”

“ದಪ್ಪ.”

“ಹೀರೋಯಿನ್ನು?”

ಬಾಯಿಮಾತಿನಿಂದ ಆಗದ್ದನ್ನು ಅಭಿನಯದಿಂದ ತಿಳಿಸೋಣವೆಂದು ಅವನ ಸ್ಟೂಲಿನ ಮೇಲೆ ಕೂತು ಮುಖ ಊದಿಸಿದೆ. ಆಮೇಲೆ ಸ್ಟೂಲನ್ನೇ ತಲೆಯ ಮೇಲೆ ಹೊತ್ತು ಅಂಗಡಿಯೊಳಗೆ ಓಡಿದೆ. ದಾರಿಯಲ್ಲಿ ಹೋಗುವವರು ನಿಂತರು. ಬಾಷಾ ಗಾಬರಿಯಿಂದ, “ಅರೆ, ಹೊಟ್ಟೆನೋವಾ? ಸೋಡಾ ತರ್ಸ್ಲಾ?” ಅಂದ. ನನ್ನ ಅಭಿನಯದ ಮಟ್ಟ ನನಗೆ ಅಲ್ಲಿಯೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಕೊನೆಗೆ ಅವನೇ ಯೋಚಿಸಿ, “ಟೀವಿಯಿಂದ ರೆಕಾರ್ಡ್ ಮಾಡಿದ್ದು ಒಂದೈತೆ. ಅದ್ರಲ್ಲಿ ಒಬ್ಬ ಡುಮ್ಮ, ಒಬ್ಬ ಕಡ್ಡಿ. ಅದೇ ಇರ್ಬೇಕು. ಮಧ್ಯಾಹ್ನ ಸಾಮಾನು ತಗೊಂಡು ನಾನೇ ಬತ್ತೀನಿ” ಅಂದ. ವಿಸಿಆರ್ ಬಾಡಿಗೆಗೆ ಕೊಟ್ಟರೆ ಜೊತೆಯಲ್ಲಿ ಒಬ್ಬ ಕಾವಲಿಗೆ ಬಂದು ಕೂರುವುದು ಅಂಗಡಿಯವರ ಪದ್ಧತಿ. ಒಬ್ಬನೇ ಕೂತು ನೋಡುವ ನನ್ನ ಯೋಜನೆಗೆ ಹೀಗೆ ಮೊದಲ ತೂತು ಬಿತ್ತು.

ಕೈಗಾಡಿಯ ಮೇಲೆ ಕಲರ್ ಟೀವಿ ಬೀದಿಯೊಳಗೆ ಬಂತು. ಮೆರವಣಿಗೆಯೇ ಸರಿ. ರುದ್ರಕ್ಕ ಜಗಲಿಯಿಂದಲೇ ಕೂಗಿದರು: “ಏನ್ ಶಿವಣ್ಣ, ಯಾವ ಪಿಚ್ಚರು?”

ನಗೆ ಕಾರ್ಯಕ್ರಮ ಎನ್ನಲು ನಾಲಿಗೆ ಏಳಲಿಲ್ಲ. ಹೆಂಡತಿಯ ವರ್ಷದ ಪೂಜೆ ಮುಗಿದ ಮರುವಾರವೇ ಮನೆಯಲ್ಲಿ ನಗೆ ಕಾರ್ಯಕ್ರಮ ಎಂದರೆ ಜನ ಏನೆಂದುಕೊಂಡಾರು? “ಭಕ್ತಿ ಚಿತ್ರ ಕಣಕ್ಕ, ಬಹಳ ಹಳೇದು” ಅಂದೆ. ಹಾಗೆಂದರೆ ಯಾರೂ ಬರುವುದಿಲ್ಲ ಎಂದು ನನ್ನ ಬುದ್ಧಿವಂತಿಕೆ.

ಎಲ್ಲರೂ ಬಂದರು! ಸುಮ್ಮನೆ ಬರಲಿಲ್ಲ, ಸ್ನಾನ ಮಾಡಿಕೊಂಡು ಬಂದರು. ಊದುಬತ್ತಿ ತಂದರು, ಬಾಳೆಹಣ್ಣು ತಂದರು. ರುದ್ರಕ್ಕ ಟೀವಿಯ ನೆತ್ತಿಗೆ ವಿಭೂತಿ ಬಳಿದರು. “ಅಮ್ಮಾ, ಗ್ಲಾಸಿಗೆ ಹಚ್ಬೇಡಿ” ಎಂದು ಬಾಷಾ ಅಂಗಲಾಚಿದ. ನಾಗರಾಜ ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದ. ನಾನು ಹಾಕಿಕೊಳ್ಳಬೇಕಿದ್ದ ಬಾಗಿಲು, ಒಳಗೆ ಇನ್ನಷ್ಟು ಗಾಳಿ ಬರಲೆಂದು ಪೂರ್ತಿ ತೆರೆಯಲ್ಪಟ್ಟಿತು.

ಟೀವಿ ಹಾಕಿದರೆ ವೋಲ್ಟೇಜಿಲ್ಲ. ಚಿತ್ರ ಎರಡು ಕಡೆಯಿಂದಲೂ ಕುಗ್ಗಿ ಕೋಲಿನಂತಾಯಿತು. “ನಿಮ್ ಮಿಷನ್ನೇ ಕರೆಂಟ್ ತಿಂತೈತೆ ಶಿವಣ್ಣೋರೆ” ಅಂದ ಬಾಷಾ. ಪಕ್ಕದ ಗಿರಣಿಯಲ್ಲಿ ನನ್ನ ಆಳು ರಾಗಿ ಬೀಸುತ್ತಿದ್ದ. ಹೋಗಿ ನಿಲ್ಲಿಸಿ ಬಂದೆ. ಬೀಸಲು ಬಂದಿದ್ದವರು “ಯಾಕೆ ನಿಲ್ಸುದ್ರಿ?” ಎನ್ನುತ್ತ ನನ್ನ ಹಿಂದೆಯೇ ಬಂದು, ತಂತಮ್ಮ ಚೀಲಗಳ ಮೇಲೆ ಕೂತರು.

ಬಾಷಾ ಕ್ಯಾಸೆಟ್ ತೂರಿಸಿದ. ಎಲ್ಲರೂ ಕೈಮುಗಿದರು. ಪರದೆಯ ಮೇಲೆ ಚಡ್ಡಿ ಮಾತ್ರ ತೊಟ್ಟ ಇಬ್ಬರು ದಾಂಡಿಗರು ಎದುರುಬದುರು ನಿಂತು ಗುರುಗುಟ್ಟಿದರು!

ಮುಗಿದ ಕೈಗಳು ಹಾಗೇ ನಿಂತವು.

“ಇದ್ಯಾವ ದೇವ್ರು ಶಿವಣ್ಣ, ಮೈಮೇಲೆ ಬಟ್ಟೆನೇ ಇಲ್ಲ?” ರುದ್ರಕ್ಕ ಕೇಳಿದರು.

“ಕವರ್ ಅದ್ಲುಬದ್ಲಾಗೈತೆ, ಇದು ಕುಸ್ತಿ!” ಬಾಷಾ ತಲೆ ಚಚ್ಚಿಕೊಂಡ. ಆ ಹೊತ್ತಿಗೆ ಒಬ್ಬ ದಾಂಡಿಗ ಇನ್ನೊಬ್ಬನನ್ನು ಎತ್ತಿ ಕುಕ್ಕಿದ. ರಾಗಿ ಚೀಲದವರು ಚಪ್ಪಾಳೆ ಹೊಡೆದು, “ಇದೇ ಇರ್ಲಿ ಬುಡಿ” ಅಂದರು. ನನ್ನ ಮನೆ, ನನ್ನ ಬಾಡಿಗೆ, ನನ್ನ ದುಃಖ; ನೋಡಬೇಕಾದದ್ದೇನು ಎಂಬುದಕ್ಕೆ ಮಾತ್ರ ಇವರ ಒಪ್ಪಿಗೆ! ಬಾಷಾ ಅಂಗಡಿಗೆ ಸೈಕಲ್ ಹೊಡೆದು ಸರಿಯಾದ ಕ್ಯಾಸೆಟ್ ತರುವವರೆಗೆ ಕುಸ್ತಿಯೇ ನಡೆಯಿತು. ಊದುಬತ್ತಿಯೂ ಉರಿಯಿತು.

ಕೊನೆಗೆ ಆ ಕಾರ್ಯಕ್ರಮ ಬಂತು. ಗುರುತು ಹತ್ತಿದ ಕೂಡಲೇ ಹೆಂಗಸರೆಲ್ಲ ಒಟ್ಟಿಗೆ, “ಅಯ್ಯೋ, ದಪ್ಪ ಸಣ್ಣ!” ಎಂದು ಕೂಗಿದರು. ಭಕ್ತಿ ಚಿತ್ರ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಬಾಷಾ ಮುಂದಕ್ಕೆ ಓಡಿಸಿ ಓಡಿಸಿ ನಿಲ್ಲಿಸಿದ. ಟ್ರಂಕು! ಅದರ ಮೇಲೆ ದಪ್ಪ! ನಾನು ಮುಂದಕ್ಕೆ ಸರಿದು ಕೂತೆ. ದಪ್ಪ ಬಾಯಿ ತೆರೆದ.

ಹಿಂದಿ!

ದೆಹಲಿಯವರು ಕನ್ನಡ ಮಾತಾಡುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೆ. ಗಂಗಮ್ಮನಿಗಂತೂ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ.

“ಏನಂತಾನೆ ಬಾಷಾ?”

“ಇದು ರೈಲ್ವೆ ಸ್ಟೇಷನ್ನು. ಡುಮ್ಮ ಪ್ಯಾಸೆಂಜರು, ಕಡ್ಡಿ ಕೂಲಿ. ಟ್ರಂಕು ಹೊರೋಕೆ ದುಡ್ಡು ಜಾಸ್ತಿ ಕೇಳ್ದ ಅಂತ ಜಗಳ.”

ಬೀದಿಯೇ ಅವನ ಮೇಲೆ ತಿರುಗಿಬಿತ್ತು.

“ಸುಮ್ಕಿರ್ಲಾ ಬಾಷಾ, ನಿಂಗೇನ್ ಗೊತ್ತು?” ರುದ್ರಕ್ಕ ಗದರಿಸಿದರು. “ಕೂಲಿಯಂತೆ ಕೂಲಿ! ಅವನು ಬಾಮೈದ!”

“ಅಮ್ಮಾ, ಅವ್ನೇ ಬಾಯ್ಬಿಟ್ಟು ಹೇಳ್ತಾವ್ನೆ ಕೂಲಿ ಅಂತ!”

“ಅವ್ನ್ ಹೇಳ್ಬುಟ್ರೆ ಆಗೋಯ್ತಾ? ನಮ್ ಗಂಗಮ್ಮ ಸುಳ್ಳು ಹೇಳ್ತಿದ್ಲಾ?”

ಅಷ್ಟರಲ್ಲಿ ಸೀಟಿ ಕೇಳಿಸಿತು. ರೈಲಿನದು. ದಪ್ಪ ಟ್ರಂಕು ಹೊತ್ತು ಓಡಿದ, ಪರದೆಯಿಂದಾಚೆಗೆ ಹೋದ. ಮುಂದಿನ ಪ್ರಸಂಗ ಶುರುವಾಯಿತು. ಇಷ್ಟೇ! ಅವನಿಗೆ ಬಸ್ಸು ಸಿಕ್ಕುವುದಿರಲಿ, ಅಲ್ಲಿ ಬಸ್ಸೇ ಇರಲಿಲ್ಲ. ನನಗೆ ನಗು ಬರಲಿಲ್ಲ. ಇದಕ್ಕಾಗಿ ಗಿರಣಿ ನಿಲ್ಲಿಸಿ, ಊರ ಮುಂದೆ ಸ್ಟೂಲು ಹೊತ್ತು ಓಡಿದೆನಲ್ಲ ಎಂದು ಮೈ ಉರಿಯಿತು.

“ಹಾಗಾದ್ರೆ ಆ ಮಾತೆಲ್ಲ ಎಲ್ಲಿಂದ ಬಂತು ರುದ್ರಕ್ಕ?”

“ಅಯ್ಯೋ ಶಿವಣ್ಣ, ಹಿಂದಿ ನಮಗ್ಯಾರಿಗ್ ಬರ್ತದೆ? ಅವ್ರು ಬರೀ ಬಾಯಿ ಆಡ್ಸೋರು, ಗಂಗಮ್ಮ ಇತ್ಲಾಗಿಂದ ಮಾತು ಹಾಕೋಳು. ಟೀವಿ ಸೌಂಡು ಪೂರ್ತಿ ತಗ್ಗುಸ್ಬುಟ್ಟು ಅವಳ್ನೇ ಕೇಳ್ತಿದ್ವಿ. ಉಚ್ಚೆ ಬರೋಂಗೆ ನಗ್ಸೋಳು ಕಣಣ್ಣ!”

“ಅದು ಸರಿ. ಆ ದಪ್ಪನ ಮಾತು? ಅಂಥ ಒಣ ಜಂಭದ ಮಾತು ಅವಳಿಗೆ ಹೇಗೆ ಹೊಳೀತು?”

ಕೆಲವರು ಚಾಪೆಯ ಕಡ್ಡಿ ಕಿತ್ತರು. ನಾಗರಾಜ ಕೆಮ್ಮಿದ.

“ಭಾವ, ಬೇಜಾರ್ ಮಾಡ್ಕೋಬಾರ್ದು. ಮದ್ವೆಯಾದ ವರ್ಷ ಯುಗಾದಿಗೆ ನಿಮ್ಮಿಬ್ರನ್ನೂ ಕರ್ಕೊಂಡ್ ಹೋಗೋಕೆ ನಾನು ಬಂದಿದ್ನಲ್ಲ?”

“ಬಂದಿದ್ದೆ.”

“ಟ್ರಂಕಿನ ಮೇಲೆ ಕೂತಿದ್ರಲ್ಲ?”

ಆ ದಿನ ನಾನು ಟ್ರಂಕಿನ ಮೇಲೆ ಸ್ವಲ್ಪ ಹೊತ್ತು ವಿಶ್ರಾಂತಿ ಪಡೆದದ್ದು ನಿಜ. ಗೌರವದ ದೃಷ್ಟಿಯಿಂದ ಎರಡು ಸಲ ಬೇಡವೆಂದಿರಲೂಬಹುದು. ಆಮೇಲೆ ಟ್ರಂಕು ಹೊತ್ತು ಸ್ವಲ್ಪ ವೇಗವಾಗಿ ನಡೆದ ನೆನಪೂ ಇತ್ತು. ಆದರೆ ಅದು ನಡಿಗೆ. ಓಟವಲ್ಲ! ಮೇಲಾಗಿ ನಾನು ಸಣಕಲ. ಆ ದಪ್ಪನಿಗೂ ನನಗೂ ಎಲ್ಲಿಯ ಹೋಲಿಕೆ?

“ಓಡಿದ್ರಿ ಭಾವ” ಅಂದ ನಾಗರಾಜ, ಮೆಲ್ಲಗೆ. “ಪಂಚೆ ಕಾಲಿಗೆ ಸಿಕ್ಕಾಕ್ಕೊಂಡು ಓಡಿದ್ರಿ. ಬಸ್ಸೆಲ್ಲ ಹಿಂದಿನ್ ಕಿಟಕೀಲಿ ನೋಡ್ತಿತ್ತು.”

“ಡ್ರೈವರ್ ನನ್ನ ಗುರುತು ಹಿಡಿದು ಬಸ್ ನಿಲ್ಲಿಸಿದ.”

“ಡ್ರೈವರ್ ಎಲ್ಲಿ ನಿಲ್ಸ್ದ? ಅವನು ಗೇರ್ ಬದಲಾಯ್ಸಿದ್ದ. ನನ್ ಜೊತೆ ಮೊದ್ಲೇ ಹತ್ತಿ ಕೂತಿದ್ದ ಅಕ್ಕ ಎದ್ದು ಕಂಡಕ್ಟ್ರ ಕೈ ಹಿಡ್ಕೊಂಡು, ‘ನಮ್ ಯಜಮಾನ್ರು ಕಣಣ್ಣ, ಒಂಚೂರು ನಿಲ್ಸಣ್ಣ’ ಅಂತ ಬೇಡ್ಕೊಂಡ್ಳು. ನೀವು ಹತ್ತಿ ಕೂತಾಗ ಅವಳು ಸೆರಗು ಮುಚ್ಕೊಂಡು ನಗ್ತಿದ್ಲು. ನೀವು, ಅಳ್ತಾವ್ಳೆ ಅಂತ ಸಮಾಧಾನ ಮಾಡಿದ್ರಿ.”

ದಪ್ಪ ಯಾವ ವೇಷದಲ್ಲಿ ಬಂದರೂ ಅದು ನಾನೇ ಎಂದು ಬೀದಿಗೆಲ್ಲ ಗೊತ್ತಿತ್ತು. ವಾರವಾರ ನನ್ನನ್ನೇ ನೋಡಿ ನಕ್ಕು ಹೋಗುತ್ತಿದ್ದರು. ನಾನು ಮನೆಯಲ್ಲಿ ಮುದ್ದೆ ನುಂಗುತ್ತ, ಇಂಥ ಜನಾನೂ ಇರ್ತಾರಾ ಎಂದು ಅವಳನ್ನೇ ಕೇಳುತ್ತಿದ್ದೆ! ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಣ್ಣು ಒರೆಸಿಕೊಂಡು ಗಿರಣಿಯ ಹಿಟ್ಟಿನ ಮೇಲೆ ತಪ್ಪು ಹೊರಿಸಿದೆ.

ರುದ್ರಕ್ಕ ಎದ್ದು ಟೀವಿಯ ಸೌಂಡು ತಗ್ಗಿಸಿದರು. “ಬಾಷಾ, ಹಿಂದಕ್ಕೋಡ್ಸು. ಎಲ್ರೂ ಸೇರಿ ಗಂಗಮ್ಮನ ಮಾತು ಹಾಕನ ಬನ್ರೇ.”

ಬಾಷಾ ಓಡಿಸಿದ. ಒಬ್ಬೊಬ್ಬರಿಗೆ ಒಂದೊಂದು ಮಾತು ನೆನಪಿತ್ತು. ನನ್ನಿಂದ ಕಳೆದುಹೋಗಿದ್ದ ಮಾತುಗಳೆಲ್ಲ ಈ ಹೆಂಗಸರ ಬಾಯಲ್ಲಿ ಕ್ಷೇಮವಾಗಿದ್ದವು. ನಾಗರಾಜ ಬಾಮೈದನಾದ. ದಪ್ಪನ ಮಾತಿಗೆ ಬಂದಾಗ ಯಾರೋ, “ಶಿವಣ್ಣೋರೇ ಹೇಳ್ಲಿ, ಅವರ್ದೇ ಅಲ್ವಾ” ಅಂದರು.

ನಾನು ಗಂಟಲು ಸರಿಮಾಡಿಕೊಂಡೆ. “ಬಸ್ಸಿಗೆ ನಾನು ಬೇಕೋ, ನಂಗೆ ಬಸ್ಸು ಬೇಕೋ?”

ಯಾರೂ ನಗಲಿಲ್ಲ.

ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ. ರಾಗಿ ಚೀಲದ ಮೇಲಿದ್ದ ಹೆಂಗಸೊಬ್ಬಳು ತಲೆಯಾಡಿಸಿದಳು. “ಹಂಗಲ್ಲ ಕಣಣ್ಣ. ಶಿವಣ್ಣ ಹಂಗ್ ಹೇಳಾಕಿಲ್ಲ.”

“ನಾನೇ ಶಿವಣ್ಣ ಕಣಮ್ಮ!”

“ಗೊತ್ತು ಬುಡಣ್ಣ. ಆದ್ರೂ ಹಂಗಲ್ಲ.”

ಸಭೆ ಚರ್ಚಿಸಿತು. ನನ್ನಲ್ಲಿ ಜಂಭ ಸಾಲದು, ಮೂಗಿನಿಂದ ಮಾತು ಬರುತ್ತಿಲ್ಲ, ನಾನು ನನ್ನಂತೆ ಇಲ್ಲ ಎಂದು ತೀರ್ಮಾನವಾಗಿ ನನ್ನ ಪಾತ್ರ ರುದ್ರಕ್ಕನ ಪಾಲಾಯಿತು. ಅವರು ಹೇಳಿದ ಕೂಡಲೇ ಮನೆಯೆಲ್ಲ ನಗು. ಒಪ್ಪಿಕೊಳ್ಳಬೇಕು, ಸಾಕ್ಷಾತ್ ನಾನೇ!

ಪಾಪ ಎಂದು ನನಗೂ ಒಂದು ಪಾತ್ರ ಕೊಟ್ಟರು: ಕಂಡಕ್ಟರದು. ಅದರಲ್ಲಿ ಮಾತಿಲ್ಲ, ಅಭಿನಯವಿಲ್ಲ, ಹೇಳಿದಾಗ ಸೀಟಿ ಊದಿದರಾಯಿತು.

ಅದನ್ನೂ ಬೇಗ ಊದಿಬಿಟ್ಟೆ. ದಪ್ಪ ಇನ್ನೂ ಟ್ರಂಕಿನ ಮೇಲೆಯೇ ಕೂತಿದ್ದ!