ಚೀನಾದ ಹಡಗಿಗೆ ಕುಂಕುಮವಿಟ್ಟೆ

ದೇವರು ನನಗೆ ಬೇಕಾದಷ್ಟು ಕೊಟ್ಟಿದ್ದಾನೆ. ನಲ್ಲಿಗೆ ನೀರು ಬರುತ್ತದೆ, ಮೊಣಕಾಲು ಇನ್ನೂ ಮಡಚುತ್ತದೆ, ಗಂಡ ಊಟದಲ್ಲಿ ಕೊಂಕು ತೆಗೆಯುವುದಿಲ್ಲ. ಬುದ್ಧಿಯನ್ನೂ ಕೊಟ್ಟಿದ್ದಾನೆಂದು ಕಳೆದ ಖಂಡೇನವಮಿಯವರೆಗೆ ನಂಬಿದ್ದೆ.

ನಮ್ಮ ಮಾವನವರು ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಗುಮಾಸ್ತರಾಗಿದ್ದರು. ಕೆಲಸದ ಮೇಲೆ ಮುಂಬೈಗೆ ಹೋದವರೆಲ್ಲ ಹೆಂಡತಿಗೆ ಸೀರೆ ತಂದರೆ, ಇವರು ಫುಟ್‌ಪಾತಿನಿಂದ ಹಳೇ ಪುಸ್ತಕ ತರುತ್ತಿದ್ದರು. ಅತ್ತೆಯವರು ಇದನ್ನು ಕೊನೆಯವರೆಗೂ ಮರೆಯಲಿಲ್ಲ, ನಮಗೂ ಮರೆಯಗೊಡಲಿಲ್ಲ. ಅವುಗಳಲ್ಲೊಂದು ತೆಳ್ಳನೆಯ ಇಂಗ್ಲಿಷ್ ಪುಸ್ತಿಕೆ. ಹಿಂದೊಮ್ಮೆ ಚೀನಾದ ಹಾಯಿಹಡಗೊಂದು ಆಫ್ರಿಕಾ ಬಳಸಿ, ಅಮೆರಿಕಾ ಕಂಡು, ಲಂಡನ್ ಮುಟ್ಟಿತ್ತಂತೆ. ಅದನ್ನು ನೋಡಲು ಬಂದ ಜನರಿಗೆ ಮಾರಲು ಈ ಪುಸ್ತಿಕೆ ಅಚ್ಚು ಹಾಕಿಸಿದ್ದಂತೆ.

ನಮ್ಮ ಯಜಮಾನರು ಅದರ ಫೋಟೋ ತೆಗೆದು ಕೊಲ್ಹಾಪುರದ ಕಡೆಯ ಒಂದು ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. ಬಹಳ ಅಪರೂಪದ್ದು, ದಸರಾ ಮುಗಿದ ಮೇಲೆ ಬಂದು ನೋಡುತ್ತೇವೆ, ಸುಸ್ಥಿತಿಯಲ್ಲಿದ್ದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ನಿಮ್ಮ ತಂದೆಯವರ ಹೆಸರು ಬರೆಯುತ್ತೇವೆ ಎಂದು ಫೋನ್ ಬಂತು. ಮಾವನವರು ಜನ್ಮವಿಡೀ ಬೇರೆಯವರ ಹೆಸರಿನ ಬೋರ್ಡಿನ ಕೆಳಗೆ ಕೂತು ದುಡಿದವರು. ಯಜಮಾನರು ಫೋನ್ ಇಟ್ಟು ತುಂಬಾ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಪುಸ್ತಿಕೆಯನ್ನು ಕಪಾಟಿನಲ್ಲಿಟ್ಟು, "ಇದನ್ನ ನೀ ಮುಟ್ಟಬ್ಯಾಡ" ಎಂದು ಆಜ್ಞಾಪಿಸಿದರು.

ನಾನು ಮುಟ್ಟಲಿಲ್ಲ. ಪೂಜೆ ಮಾಡಿದೆ. ಎರಡೂ ಬೇರೆ ಬೇರೆ ಎಂದು ಆ ದಿನ ನನಗೆ ಖಾತ್ರಿಯಿತ್ತು!

ಖಂಡೇನವಮಿಗೆ ನಮ್ಮಲ್ಲಿ ಕುಡುಗೋಲು, ಈಳಿಗೆ, ಮಿಕ್ಸರ್, ಪುಸ್ತಕ, ವಾಹನ ಎಲ್ಲಕ್ಕೂ ಪೂಜೆ. ಯಜಮಾನರು ಸ್ಕೂಟರ್ ತೊಳೆಸಲು ಹೋಗಿದ್ದರು. ನಾನು ಕಪಾಟು ತೆಗೆದೆ. ಪುಸ್ತಿಕೆಯ ಹೊದಿಕೆಯ ಮೇಲೆ ಹಡಗು. ಹಡಗಿನ ಮೂತಿಗೆ ದೊಡ್ಡದೊಂದು ಕಣ್ಣು ಬರೆದಿದ್ದರು. ಕಣ್ಣಿದೆ ಎಂದ ಮೇಲೆ ಹಣೆ ಇರಲೇಬೇಕು. ಹಣೆ ಇದ್ದ ಮೇಲೆ ಹಬ್ಬದ ದಿನ ಬೋಳಾಗಿ ಬಿಡುವುದು ಹೇಗೆ? ಅದೂ ಅಷ್ಟು ಸಮುದ್ರ ದಾಟಿದ ವಾಹನ. ಅರಿಷಿಣ ಕಲಸಿ ಹಚ್ಚಿದೆ, ಮೇಲೆ ಕುಂಕುಮ ಇಟ್ಟೆ. ಪಕ್ಕದ ಮನೆಯ ಶಾಂತಾ ಕಾಕು ಬಂದು ನೋಡಿ, ಭಾಳ ಛಲೋ ಕಾಣುತ್ತದೆ ಎಂದರು. ಆ ಹುರುಪಿನಲ್ಲಿ ಕಾಯಿ ಒಡೆದೆ. ನೀರು ಮಿಕ್ಸರಿಗೆ ಸಿಡಿಯಲಿಲ್ಲ, ಈಳಿಗೆಗೆ ಸಿಡಿಯಲಿಲ್ಲ. ಲಂಡನ್‌ವರೆಗೆ ಸುರಕ್ಷಿತವಾಗಿ ಹೋದ ಹಡಗು ನಮ್ಮ ಪಡಸಾಲೆಯಲ್ಲಿ ಮುಳುಗಿತು.

ಸೆರಗಿನಿಂದ ಒರೆಸಿದೆ. ಕುಂಕುಮ ಹಾಯಿಯ ತುದಿಯವರೆಗೆ ಪ್ರಯಾಣ ಬೆಳೆಸಿತು. ಇಸ್ತ್ರಿ ಮಾಡಿದರೆ ಸರಿಹೋಗುತ್ತದೆ ಎಂದು ಕಾಕು ಅನುಭವಸ್ಥರಂತೆ ಹೇಳಿದರು. ಅವರ ಮನೆಯಲ್ಲಿ ಪುಸ್ತಕಗಳೇ ಇಲ್ಲ ಎಂಬುದು ನನಗೆ ತಡವಾಗಿ ನೆನಪಾಯಿತು. ಹಾಳೆ ಒಣಗಿತು, ಸುಳ್ಳು ಹೇಳಬಾರದು. ಕರಿದ ಚಕ್ಕುಲಿಯ ಬಣ್ಣಕ್ಕೂ ತಿರುಗಿತು.

ಯಜಮಾನರು ಬಂದರು. ನೋಡಿದರು. ಬೈಯಲಿಲ್ಲ.

"ಲಿಂಬಿಹಣ್ಣ ಯಾಕ ಬಿಟ್ಟಿ? ಅದನ್ನೂ ಕಟ್ಟಬೇಕಿತ್ತಲ್ಲ."

"ಹುಡುಕ್ಯಾಡಿದ್ನಿರಿ, ಮನ್ಯಾಗ ಇರಲಿಲ್ಲ" ಎಂದೆ.

ನಿಜವನ್ನೇ ಹೇಳಿದ್ದೆ. ಅವರು ಅಂದು ಹೋಳಿಗೆ ಮುಟ್ಟಲಿಲ್ಲ. ಅಪ್ಪನ ಫೋಟೋದ ಕಡೆಗೂ ನೋಡಲಿಲ್ಲ. ನಾನು ಎಲ್ಲಮ್ಮ ತಾಯಿಗೆ ಹರಕೆ ಹೊತ್ತೆ.

ದಸರಾ ಮುಗಿದು ಸಂಗ್ರಹಾಲಯದ ಸಾಹೇಬರು ಬಂದರು. ಭೂತಗನ್ನಡಿ ಹಿಡಿದು ಹೊದಿಕೆಯ ಮೇಲೆ ಬಗ್ಗಿದರು.

"ವಹಿನಿ, ಇದೇನ್ರಿ, ರಕ್ತ?"

"ಕುಂಕುಮರಿ."

ಸಾಹೇಬರು ಹಣೆ ಒತ್ತಿಕೊಂಡು ಒಳಗಿನ ಪುಟಗಳನ್ನು ಒಂದೊಂದೇ ತಿರುವಿದರು. ಅಷ್ಟೂ ಹೊತ್ತು ಯಜಮಾನರು ನೆಲ ನೋಡುತ್ತ ನಿಂತಿದ್ದರು. ನಾನು ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಲಿಲ್ಲ; ಅದೊಂದೇ ಪುಣ್ಯ.

ಕೊನೆಗೆ ಸಾಹೇಬರು, "ಒಳಗ ಎಲ್ಲಾ ಸರಿ ಐತಿ. ತೊಗೊಂಡ ಹೋಗತೇವಿ" ಎಂದರು. ಯಜಮಾನರು ಮತ್ತೆ ಕನ್ನಡಕ ಒರೆಸತೊಡಗಿದರು. ಸಾಹೇಬರು ನನ್ನ ಕಡೆ ತಿರುಗಿದರು. ವಸ್ತು ಹೇಗೆ ಹಾಳಾಯಿತೆಂದು ಬರೆಯುವುದು ಅವರ ನಿಯಮವಂತೆ. "ನಿಮ್ಮ ಹೆಸರ ಏನ್ರಿ?"

ದೀಪಾವಳಿಗೆ ನೋಡಲು ಹೋದೆವು. ಗಾಜಿನ ಪೆಟ್ಟಿಗೆ, ಒಳಗೆ ದೀಪ, ಕೆಳಗೆ ಮರಾಠಿಯಲ್ಲಿ ಬರೆದ ಚೀಟಿ. ಮಾವನವರಿಗೆ ಒಂದು ಸಾಲು. ಅರಿಷಿಣ, ಕುಂಕುಮ, ಕಾಯಿನೀರು, ಇಸ್ತ್ರಿ ಸಮೇತ ಸೊಸೆಗೆ ನಾಲ್ಕು. ಯಜಮಾನರು ಆ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದರು. ನನಗೂ ಕಣ್ಣು ತುಂಬಿ ಬಂತು. ಭಕ್ತಿ ಉಕ್ಕಿ, ಮುಡಿಯಿಂದ ಒಂದು ಹೂವು ತೆಗೆದು ಗಾಜಿನ ಮೇಲಿಡಲು ಹೋದೆ.

ಯಜಮಾನರು ಗಪ್ಪನೆ ನನ್ನ ಕೈ ಹಿಡಿದರು. ಮದುವೆಯಾದ ಮೇಲೆ ನಾಲ್ಕು ಜನರೆದುರು ಹಾಗೆ ಕೈ ಹಿಡಿದದ್ದು ಅದೇ ಮೊದಲು. ರಸ್ತೆಗೆ ಬರುವವರೆಗೂ ಬಿಡಲಿಲ್ಲ. ನನ್ನ ಮೇಲಿನ ಭಯಕ್ಕೇ ಹಿಡಿದರೆಂದು ಬಲ್ಲೆ. ಆದರೂ ದೇವರು ಕೊಟ್ಟದ್ದನ್ನು ಬೇಡ ಎನ್ನಬಾರದು.