ಬೋರ್ಡು ಕಂಡರೆ ತಣ್ಣಗಾಗುವ ಟ್ರಾನ್ಸ್‌ಫಾರ್ಮರಿಗೆ

ಪ್ರಯೋಗಾಲಯದ ಹಿಂದೆ, ತಂತಿಬೇಲಿಯೊಳಗೆ, ಸದಾ ಗುಂಯ್‌ಗುಡುತ್ತ ನಿಂತಿರುವ ಮಾನ್ಯರೇ,

ತಮ್ಮ ಎಣ್ಣೆ ಸೋರದಿರಲಿ, ಫ್ಯೂಸು ಹಾರದಿರಲಿ ಎಂದು ಹಾರೈಸಿ ಆರಂಭಿಸುವುದು ಸಭ್ಯತೆ. ಆದರೆ ತಾವು ಕೈಕೊಡಬೇಕೆಂದು ಬೇಡಿಕೊಳ್ಳಲೆಂದೇ ಈ ಪತ್ರ ಬರೆಯುತ್ತಿರುವುದರಿಂದ, ಬರಿಯ ನಮಸ್ಕಾರಗಳನ್ನಷ್ಟೇ ಸ್ವೀಕರಿಸಬೇಕು.

ನಾನು ವಿದ್ಯುತ್ ಎಂಜಿನಿಯರಿಂಗಿನಲ್ಲಿ ನಾಲ್ಕು ವರ್ಷಗಳಿಂದ ಸಂಶೋಧನೆ ಮಾಡುತ್ತಿರುವವಳು. ಅಂದರೆ ನಾಲ್ಕು ವರ್ಷಗಳಿಂದ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವಳು. ಗಾಳಿಯಂತ್ರ ಎಂದೆ, ಅದನ್ನು ಎಲ್ಲರೂ ಬರೆದಾಗಿದೆ ಎಂದರು ನನ್ನ ಮಾರ್ಗದರ್ಶಕರು. ಯಾರೂ ಬರೆಯದ್ದನ್ನು ತಂದೆ. ಯಾರೂ ಬರೆದಿಲ್ಲವೆಂದರೆ ಅದರಲ್ಲೇನೋ ಐಬಿರಬೇಕು ಎಂದರು. ಈ ಶುಕ್ರವಾರ ಸಂಶೋಧನಾ ಸಮಿತಿ ನನ್ನ ವಿಷಯ ಒಪ್ಪದಿದ್ದರೆ ನನ್ನ ನೋಂದಣಿಯೇ ರದ್ದು. "ಏನೇ, ಇನ್ನೂ ಹೆಡ್ಡಿಂಗ್‌ನಲ್ಲೇ ಇದ್ದೀಯಾ?" ಎಂದು ಅಕ್ಕ ದಿನಾ ವಿಚಾರಿಸಿಕೊಳ್ಳುತ್ತಾಳೆ.

ಆಗ ಆಪದ್ಬಾಂಧವರಂತೆ ಕಂಡವರು ತಾವು. ಮಧ್ಯಾಹ್ನವಾದರೆ ಮೈ ಕಾದು, ಇಡೀ ಕಟ್ಟಡದ ಕರೆಂಟು ಕೆಡವುವ ತಮ್ಮ ಸಿಟ್ಟಿನ ಮೂಲವನ್ನೇ ವಿಷಯವಾಗಿಸಿಕೊಂಡು, ಮೂರು ವಾರ ಮೀಟರು ಕಟ್ಟಿದೆ. ಯಾರೂ ತಂತಿ ಮುಟ್ಟದಿರಲೆಂದು 'ಅಳತೆ ನಡೆಯುತ್ತಿದೆ, ಸಹಕರಿಸಿ' ಎಂಬ ಬೋರ್ಡನ್ನೂ ತೂಗುಹಾಕಿದೆ. ಆ ಮೂರೂ ವಾರ ತಾವು ಮೊದಲ ಸಲ ಅತ್ತೆಮನೆಗೆ ಬಂದ ಅಳಿಯನ ಹಾಗೆ ತೆಪ್ಪಗೆ, ತಣ್ಣಗೆ ಕೂತಿರಿ; ಮೀಟರು ಬಿಚ್ಚಿದ ಮಧ್ಯಾಹ್ನವೇ ಧಡ್ ಎಂದಿರಿ. "ಇಲ್ಲದ ಕಾಯಿಲೆಗೆ ಮದ್ದು ಅರೀತಿದ್ದೀಯಲ್ಲಮ್ಮಾ!" ಎಂದು ಮಾರ್ಗದರ್ಶಕರು ಎಲ್ಲರೆದುರು ನಕ್ಕರು.

ತಮ್ಮ ಮೇಲಿನ ಅಪವಾದ ತೊಳೆದವರು ನಮ್ಮ ಎಲೆಕ್ಟ್ರಿಷಿಯನ್. "ನೀವು ಬೋರ್ಡ್ ಹಾಕಿದ್ದೇ ತಡ, ಪಾಪ ಹುಡುಗಿಗೆ ತೊಂದ್ರೆ ಆಗ್ಬಾರ್ದು ಅಂತ ಸಾಹೇಬ್ರು ಮೂರೂ ಓವನ್ ಆಫ್ ಮಾಡಿಸಿಬಿಟ್ರು ಕಣಮ್ಮ" ಎಂದರು. ಸಾಹೇಬರೆಂದರೆ ಬೇರಾರೂ ಅಲ್ಲ, ನನ್ನ ಮಾರ್ಗದರ್ಶಕರೇ, ಓವನ್‌ಗಳೋ ಆಳೆತ್ತರದವು, ಮಧ್ಯಾಹ್ನದ ಹೊತ್ತಿಗೆ ತಮ್ಮ ಕರೆಂಟನ್ನೆಲ್ಲ ಹೀರುವಂಥವು. ಅವುಗಳಲ್ಲಿ, ತಮ್ಮಂಥವರ ಒಳಗಿನ ತಂತಿಗೆ ಸುತ್ತುವ ನಿರೋಧಕ ಕಾಗದ ಬೇಯಿಸಿ ಬೇಯಿಸಿ ಅವರು ಬರೆಯುತ್ತಿರುವ ಮಹಾಪ್ರಬಂಧದ ವಿಷಯ, ಟ್ರಾನ್ಸ್‌ಫಾರ್ಮರುಗಳ ಆಯುಸ್ಸು ಹೆಚ್ಚಿಸುವುದು ಹೇಗೆ ಎಂಬುದು. ತಮ್ಮ ಕುಲದ ದೀರ್ಘಾಯುಸ್ಸಿಗಾಗಿ ದಿನವೂ ತಮ್ಮ ಪ್ರಾಣ ಹಿಂಡುತ್ತಿರುವ ಆ ಪುಣ್ಯಾತ್ಮರ ಸಹಿಯಿಲ್ಲದೆ ನನ್ನ ಕಾಗದ ಸಮಿತಿಗೆ ಹೋಗದು; ಓವನ್ ಎಂಬ ಶಬ್ದವಿದ್ದರೆ ಸಹಿ ಬೀಳದು. ಆದ್ದರಿಂದ 'ಹಳೆಯ ಟ್ರಾನ್ಸ್‌ಫಾರ್ಮರೊಂದರ ಮಧ್ಯಾಹ್ನದ ವರ್ತನೆ' ಎಂದಷ್ಟೇ ಬರೆದುಕೊಟ್ಟೆ. ಸಮಿತಿಯೇ ನಕ್ಕು ಕಳಿಸುತ್ತದೆಂಬ ಭರವಸೆಯಿಂದ ಅವರು ಸಂತೋಷವಾಗಿ ಸಹಿ ಹಾಕಿದರು.

ಇನ್ನುಳಿದದ್ದು ತಮ್ಮ ಕೃಪೆ. ಶುಕ್ರವಾರ ಹನ್ನೆರಡೂವರೆಗೆ, ನಾನು "ಇದಕ್ಕೆ ಕಾರಣವೇನೆಂದರೆ" ಎನ್ನುವ ಹೊತ್ತಿಗೆ ಸರಿಯಾಗಿ, ತಾವು ಕಟ್ಟಡದ ದೀಪಗಳನ್ನೆಲ್ಲ ಆರಿಸಬೇಕು. ಆದರೆ ಪೂರ್ತಿ ಸುಟ್ಟುಹೋಗದೆ, ನನ್ನ ಪ್ರಬಂಧ ಮುಗಿಯುವ ತನಕ ಇನ್ನೆರಡು ವರ್ಷ ಹೀಗೇ ಆರೋಗ್ಯವಾಗಿ ನರಳುತ್ತಿರಬೇಕು.

ತಮ್ಮ ಬಿಸಿಯನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ನಾಲ್ಕನೇ ವರ್ಷದ ಸಂಶೋಧಕಿ

ತಾ.ಕ.: ಮೀಟರು ಕಟ್ಟಿದ್ದೇನೆ, ಬೋರ್ಡು ಹಾಕಿಲ್ಲ. ಬಂದ ಸಮಿತಿಯವರಿಗೆ ಓವನ್ ಪ್ರಯೋಗವನ್ನೂ ತೋರಿಸಬೇಕೆಂದು ಮಾರ್ಗದರ್ಶಕರನ್ನು ಕೈಮುಗಿದು ಕೇಳಿಕೊಂಡೆ. ಬೆಳಿಗ್ಗೆಯಿಂದಲೇ ಮೂರೂ ಓವನ್ ಹಾಕಿಸಿರುತ್ತೇನೆ ಎಂದಿದ್ದಾರೆ. ಅವರ ಸಹಕಾರ ಈ ಸಲವೂ ಪೂರ್ಣ.